ಪ್ರಮಾಣಿಸಿ ನೋಡು

ಒಬ್ಬ ಕಸುಬುದಾರನ ಮನಸ್ಸನ್ನು ತಿಳಿಯಬೇಕಾದರೆ ಅವನು ಮಾಡಿದ ವಸ್ತುವಿಗಿಂತ ಅವನ ಸಲಕರಣೆಗಳನ್ನು ನೋಡುವುದು ಲೇಸು. ಅದರಲ್ಲಿಯೂ ಕಟ್ಟುವ ಸಲಕರಣೆಗಳಿಗಿಂತ ಪರೀಕ್ಷಿಸುವ ಸಲಕರಣೆಗಳು ಹೆಚ್ಚು ಮಾತನಾಡುವುವು. ಅಕ್ಕಸಾಲಿಗನ ಒರೆಗಲ್ಲು ಒಡವೆಯನ್ನು ಮಾಡುವುದಿಲ್ಲ. ಗಾರೆಯವನ ತೂಕದ ಗುಂಡು ಗೋಡೆಯನ್ನು ಎಬ್ಬಿಸುವುದಿಲ್ಲ. ಆದರೂ ಇವೆರಡೂ ಇಲ್ಲದಿದ್ದಲ್ಲಿ ಚಿನ್ನವನ್ನು ನಂಬುವವರಾರು, ಗೋಡೆಯ ಕೆಳಗೆ ಮಲಗುವವರಾರು?

ಗಣಕಯಂತ್ರದ ತೆರೆಯ ಮೇಲೆ ಚಿತ್ರಗಳನ್ನು ಮೂಡಿಸತಕ್ಕ ಪ್ರೋಗ್ರಾಮುಗಳನ್ನು ಬರೆಯುವುದು ನನ್ನ ಕಸುಬು. ಇದರಲ್ಲಿ ಹೊಸದನ್ನು ಬರೆಯುವುದೇ ದೊಡ್ಡ ಸುಖವೆಂದು ಅನೇಕರು ಭಾವಿಸುವರು. ನನಗಾದರೋ ಬರೆದುದು ತಪ್ಪಿದಾಗ ಆ ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವ ಕೆಲಸದಲ್ಲಿಯೂ, ಹಾಗೆ ಹುಡುಕಲು ಜಾಣರು ನಿರ್ಮಿಸಿಕೊಟ್ಟಿರುವ ಸಾಧನಗಳಲ್ಲಿಯೂ ಅಕ್ಕರೆ ಹೆಚ್ಚು. ಆ ಅಕ್ಕರೆಯ ಕಾರಣವನ್ನು ಇಲ್ಲಿ ನಾಲ್ಕು ಮಾತುಗಳಲ್ಲಿ ವಾಚಕರ ಮುಂದಿಡುತ್ತೇನೆ.

ನಮ್ಮವರು ಪ್ರೋಗ್ರಾಮಿನ ದೋಷವನ್ನು ‘ಬಗ್’, ಎಂದರೆ ಹುಳು, ಎಂದು ಕರೆಯುವರು. ೧೯೪೭ನೆಯ ಇಸವಿಯ ಸೆಪ್ಟೆಂಬರ್ ೯ರಂದು ಹಾರ್ವರ್ಡಿನ ಮಾರ್ಕ್-೨ ಎಂಬ ಗಣಕದೊಳಗೆ ನಿಜವಾದ ಪತಂಗವೊಂದು ಸಿಕ್ಕಿಕೊಂಡಿದ್ದು, ಕೆಲಸಗಾರರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿದರು. ಆ ಪುಟವು ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಹೆಸರು ಅಂದೇ ಹುಟ್ಟಿತೆಂದು ಹೇಳುವವರುಂಟು. ಆದರೆ ಎಡಿಸನ್ ಮಹಾಶಯನು ೧೮೭೮ರಷ್ಟು ಹಿಂದೆಯೇ ತನ್ನ ಕಾಗದಗಳಲ್ಲಿ ಈ ಮಾತನ್ನು ಬಳಸಿದ್ದನು. ಪತಂಗವನ್ನು ಚಿಮಟದಿಂದ ಎತ್ತಬಹುದು. ಲೆಕ್ಕದೊಳಗೆ ಹೊಕ್ಕ ಹುಳುವನ್ನು ಎತ್ತುವುದು ಹೇಗೆ?

ಬೇರೆ ಬಗೆಯ ಪ್ರೋಗ್ರಾಮುಗಳಲ್ಲಿ ಇದಕ್ಕೊಂದು ಸರಳವಾದ ಉಪಾಯವುಂಟು. ನಡೆಯುತ್ತಿರುವ ಲೆಕ್ಕವನ್ನು ಬೇಕಾದೆಡೆಯಲ್ಲಿ ನಿಲ್ಲಿಸಿ, ‘ಈಗ ನಿನ್ನ ಕೈಯಲ್ಲಿರುವ ಸಂಖ್ಯೆ ಯಾವುದು?’ ಎಂದು ಕೇಳಬಹುದು. ಚಿತ್ರದ ಕೆಲಸದಲ್ಲಿ ಇದು ಅಷ್ಟು ಸುಲಭವಲ್ಲ. ಸಾಧಾರಣವಾದ ತೆರೆಯೊಂದರಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಬಣ್ಣದ ಬಿಂದುಗಳಿರುವುವು. ಚಿತ್ರವು ಸೆಕೆಂಡಿಗೆ ೬೦ ಸಲ ಹೊಸದಾಗಬೇಕಾದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮೀರಿದ ಬಿಂದುಗಳ ಬಣ್ಣವನ್ನು ನಿರ್ಣಯಿಸಬೇಕು. ಈ ಕೆಲಸವನ್ನು ಗ್ರಾಫಿಕ್ಸ್ ಕಾರ್ಡು ಸಾವಿರಾರು ಕೈಗಳಿಂದ ಏಕಕಾಲದಲ್ಲಿ ಮಾಡುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬನನ್ನು ಹಿಡಿದು ನಿಲ್ಲಿಸಿ ಅವನೊಬ್ಬನ ಮನೆಯ ಲೆಕ್ಕವನ್ನು ಕೇಳಿದಂತೆ ಇದು. ಅಲ್ಲದೆ, ಕಾರ್ಡನ್ನು ಬಹಳ ಹೊತ್ತು ತಡೆದರೆ ಯಂತ್ರವು ಸಹಿಸದು. ವಿಂಡೋಸ್ ವ್ಯವಸ್ಥೆಯ ವಾಡಿಕೆಯ ಏರ್ಪಾಡಿನಲ್ಲಿ ಎರಡು ಸೆಕೆಂಡು ಕಳೆದರೆ ಸಾಕು, ಕಾರ್ಡು ಕೆಟ್ಟಿತೆಂದು ಬಗೆದು ಅದನ್ನು ಮೊದಲಿನಿಂದ ಎಬ್ಬಿಸುವುದು.

ಹೀಗಿರುವಲ್ಲಿ ಹಿಂದಿನವರು ಬಣ್ಣವನ್ನೇ ಬಾಯನ್ನಾಗಿ ಮಾಡಿಕೊಂಡರು. ಯಾವುದೋ ಸಂಖ್ಯೆಯ ಮೇಲೆ ಸಂದೇಹವಿದೆಯೆನ್ನಿ. ಅದು ಸೊನ್ನೆಗಿಂತ ಕಡಮೆಯಾದೆಡೆಯಲ್ಲೆಲ್ಲ ಕೆಂಪನ್ನು ಬಳಿಯೆಂದು ಪ್ರೋಗ್ರಾಮಿಗೆ ಹೇಳುವುದು. ತೆರೆಯ ಮೇಲೆ ಕೆಂಪು ಕಂಡಲ್ಲಿ ಉತ್ತರ ದೊರೆಯಿತು. ಈ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಪ್ರಶ್ನೆ, ಅದಕ್ಕೆ ಹೌದು ಅಲ್ಲ ಎಂಬಷ್ಟೇ ಉತ್ತರ. ಇದರಿಂದ ದಿನಗಳು ಕಳೆಯುವುವು.

ಈ ಕಷ್ಟವನ್ನು ಬಹುಮಟ್ಟಿಗೆ ಕಳೆದವು ‘ಫ್ರೇಮ್’ ಹಿಡಿಯುವ ಸಾಧನಗಳು. ಅವುಗಳಲ್ಲಿ ನನಗೆ ಅತಿ ಪ್ರಿಯವಾದುದು ರೆಂಡರ್‌ಡಾಕ್. ಬಾಲ್ಡರ್ ಕಾರ್ಲ್‌ಸನ್ ಎಂಬವರು ಇದನ್ನು ನಿರ್ಮಿಸಿ, ೨೦೧೪ರಲ್ಲಿ ಇದರ ಮೂಲವನ್ನೇ ಸರ್ವರಿಗೂ ತೆರೆದಿಟ್ಟರು. ಇದರ ರೀತಿ ಹೀಗೆ: ಒಂದೇ ಒಂದು ಚಿತ್ರವನ್ನು ಬರೆಯಲು ಪ್ರೋಗ್ರಾಮು ಕಾರ್ಡಿಗೆ ಕೊಟ್ಟ ಅಪ್ಪಣೆಗಳೆಲ್ಲವನ್ನೂ, ಆ ಗಳಿಗೆಯಲ್ಲಿದ್ದ ಸಾಮಗ್ರಿಯ ಸಹಿತವಾಗಿ, ಒಂದು ಕಡತದಲ್ಲಿ ಬರೆದಿಡುವುದು. ಬಳಿಕ ಆ ಚಿತ್ರವನ್ನು ನಮಗೆ ಬೇಕಾದಷ್ಟು ಸಲ, ಬೇಕಾದಷ್ಟು ಮೆಲ್ಲಗೆ, ಮರಳಿ ಬರೆಸಬಹುದು. ಹತ್ತನೆಯ ಅಪ್ಪಣೆಯಾದ ಮೇಲೆ ಚಿತ್ರ ಹೇಗಿತ್ತು, ಹನ್ನೊಂದನೆಯದಾದ ಮೇಲೆ ಹೇಗಾಯಿತು ಎಂದು ನೋಡಬಹುದು. ಒಂದು ಬಿಂದುವನ್ನು ತೋರಿಸಿದರೆ ಅದರ ಮೇಲೆ ಯಾರು ಯಾರು, ಯಾವ ಕ್ರಮದಲ್ಲಿ ಬಣ್ಣವಿಟ್ಟರೆಂಬ ಪೂರ್ವಚರಿತ್ರೆಯನ್ನೇ ಬಿಚ್ಚುವುದು. ಅದರ ಲೆಕ್ಕವನ್ನು ಸಾಲು ಸಾಲಾಗಿ ನಡೆಯಿಸಿಯೂ ತೋರಿಸುವುದು. ಕ್ಷಣದಲ್ಲಿ ಅಳಿದುಹೋಗುತ್ತಿದ್ದುದು ಕೈಗೆ ಸಿಕ್ಕಿದ ಸಾಕ್ಷಿಯಾಯಿತು.

ಇಂಥ ಸಾಕ್ಷಿಗೆ ಬೆಲೆಯೇನೆಂಬುದನ್ನು ಒಂದು ಪ್ರಸಂಗದಿಂದ ಹೇಳುವೆನು. ಸಿ.ಟಿ. ಯಂತ್ರವು ರೋಗಿಯ ಶರೀರವನ್ನು ತೆಳುವಾದ ಹೋಳು ಹೋಳಾಗಿ ಅಳೆದು ಕೊಡುವುದಷ್ಟೆ. ಆ ಹೋಳುಗಳನ್ನು ಕೂಡಿಸಿ ಎಲುಬಿನ ಘನಾಕಾರವನ್ನು ವೈದ್ಯರ ಕಣ್ಣಿಗೆ ತೋರಿಸುವ ಒಂದು ಪ್ರೋಗ್ರಾಮನ್ನು ನೋಡಿಕೊಳ್ಳುವ ಹೊಣೆ ೨೦೨೨ರಲ್ಲಿ ನನ್ನ ಪಾಲಿಗೆ ಬಂದಿತ್ತು. ಅದನ್ನು ಬರೆದವರು ಎಷ್ಟೋ ಮೊದಲೇ ಸಂಸ್ಥೆಯನ್ನು ಬಿಟ್ಟು ಹೋಗಿದ್ದರು. ಒಂದು ಆಸ್ಪತ್ರೆಯ ಮೂಳೆಯ ವೈದ್ಯರು ಅದನ್ನು ಇನ್ನೂ ಪರೀಕ್ಷಾರ್ಥವಾಗಿ ಬಳಸುತ್ತಿದ್ದರು. ತೊಡೆಯೆಲುಬಿಗೆ ಉಕ್ಕಿನ ತಿರುಪುಗಳನ್ನು ಹಾಕಿಸಿಕೊಂಡಿದ್ದ ಒಬ್ಬರ ಚಿತ್ರದಲ್ಲಿ, ತಿರುಪುಗಳ ಸುತ್ತ ಕರಿಯ ಚುಕ್ಕೆಗಳು ಕಂಡುವು. ವೈದ್ಯರು ನನ್ನನ್ನು ಕರೆಯಿಸಿ ಶಾಂತವಾಗಿಯೇ ಕೇಳಿದರು: “ಈ ಚುಕ್ಕೆಗಳು ರೋಗಿಯ ಮೈಯಲ್ಲಿರುವುವೋ, ನಿಮ್ಮ ಚಿತ್ರದಲ್ಲಿರುವುವೋ? ಅಷ್ಟನ್ನು ನಿಶ್ಚಯವಾಗಿ ಹೇಳಿರಿ.”

ಈ ಪ್ರಶ್ನೆಗೆ ‘ಬಹುಶಃ’ ಎಂಬ ಉತ್ತರ ಸಲ್ಲದು. ಎಲುಬು ತಿರುಪಿನ ಬಳಿ ಸವೆದಿದ್ದರೆ ಮತ್ತೊಂದು ಶಸ್ತ್ರಕ್ರಿಯೆ. ಇಲ್ಲವಾದರೆ ಅದು ವ್ಯರ್ಥವಾದ ಯಾತನೆ. ವೈದ್ಯರು ಮೂಲದ ಹೋಳುಗಳನ್ನೇ ನೋಡಿ ತಮ್ಮ ನಿರ್ಣಯವನ್ನು ಮಾಡುವವರಿದ್ದರು, ನಿಜ. ಆದರೆ ಒಮ್ಮೆ ಸುಳ್ಳು ಹೇಳಿದ ಚಿತ್ರವನ್ನು ಮುಂದೆ ಯಾರು ನಂಬುವರು?

ನಮ್ಮ ಕಚೇರಿಯ ಯಂತ್ರದಲ್ಲಿ ಅದೇ ಚಿತ್ರವು ನಿರ್ಮಲವಾಗಿ ಮೂಡುತ್ತಿತ್ತು. ಆದುದರಿಂದ ಆಸ್ಪತ್ರೆಯ ಕಾರ್ಡೇ ಕೆಟ್ಟಿದೆಯೆಂದು ನಮ್ಮಲ್ಲಿ ಕೆಲವರ ಮತ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ನೆನಪಾಯಿತು. ಅಲ್ಲಿಯ ಯಂತ್ರದಲ್ಲಿಯೇ, ರೋಗಿಯ ಹೆಸರನ್ನು ತೆಗೆದುಹಾಕಿ, ಒಂದು ಫ್ರೇಮನ್ನು ಹಿಡಿದೆವು. ರೆಂಡರ್‌ಡಾಕಿನಲ್ಲಿ ಚಿತ್ರದ ಮೇಲೆ ಹಾಸುವ ಒಂದು ನೋಟವುಂಟು: ಸಾಧಾರಣ ಬೆಲೆಗಳೆಲ್ಲ ಬೂದು, ‘ಸಂಖ್ಯೆಯೇ ಅಲ್ಲದ್ದು’ ಇದ್ದೆಡೆಯಲ್ಲಿ ಮಾತ್ರ ಕೆಂಪು. ಇಂಗ್ಲಿಷಿನಲ್ಲಿ ನ್ಯಾನ್ ಎಂದು ಕರೆಯುವ ಇದು, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಹುಟ್ಟುವ ವಿಚಿತ್ರ ವಸ್ತು. ಇದು ತನಗೆ ತಾನೇ ಸಮವಲ್ಲ. ಯಾವ ಸಂಖ್ಯೆಯೊಡನೆ ಕೂಡಿಸಿದರೂ ಅದನ್ನೂ ತನ್ನಂತೆಯೇ ಮಾಡುವುದು. ಮಧ್ಯದ ಹಂತದ ಚಿತ್ರವನ್ನು ನೋಡಿದಾಗ, ಕರಿಯ ಚುಕ್ಕೆ ಇದ್ದೆಡೆಯಲ್ಲೆಲ್ಲ ಕೆಂಪು ಹೊಳೆಯಿತು.

ಒಂದು ಚುಕ್ಕೆಯ ಲೆಕ್ಕವನ್ನು ಸಾಲು ಸಾಲಾಗಿ ನಡೆಯಿಸಿದೆವು. ಕಾರಣ ಹೊರಬಿತ್ತು. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಯಿಂದ ಕೆಳಗೆ ೧೦೦೦. ಆ ಯಂತ್ರವು ೩೦೭೧ಕ್ಕಿಂತ ಮೇಲಿನ ಅಳತೆಯನ್ನು ಬರೆಯಲಾರದು. ಉಕ್ಕಿನೊಳಗೆ ಎಲ್ಲವೂ ಅದೇ ೩೦೭೧. ಒಂದು ಬಿಂದುವಿಗೆ ಬೆಳಕು ಹೇಗೆ ಬೀಳುವುದೆಂದು ತಿಳಿಯಲು ನಮ್ಮ ಪ್ರೋಗ್ರಾಮು ಅದರ ಆರು ದಿಕ್ಕಿನ ನೆರೆಯವರ ಅಂತರವನ್ನು ನೋಡಿ, ಆ ಅಂತರದ ದಿಕ್ಕನ್ನು ಅದರ ಉದ್ದದಿಂದ ಭಾಗಿಸುತ್ತಿತ್ತು. ನೆರೆಯವರೆಲ್ಲ ಸಮಾನರಾದಲ್ಲಿ ಅಂತರವೂ ಸೊನ್ನೆ, ಉದ್ದವೂ ಸೊನ್ನೆ. ಇಂಥ ಭಾಗಾಕಾರಕ್ಕೆ ಉತ್ತರ ಇಂಥದೇ ಆಗಬೇಕೆಂದು ಚಿತ್ರಭಾಷೆಯ ನಿಯಮವು ಹೇಳುವುದಿಲ್ಲ. ನಮ್ಮ ಕಾರ್ಡು ಸೊನ್ನೆಯೆಂದಿತು. ಅವರದು ಸಂಖ್ಯೆಯೇ ಅಲ್ಲವೆಂದಿತು. ತೆರೆಗೆ ಬರುವಾಗ ಅದು ಕಪ್ಪಾಯಿತು. ಎರಡು ಕಾರ್ಡುಗಳೂ ನಿಯಮವನ್ನು ಮೀರಿರಲಿಲ್ಲ.

ಉದ್ದವು ಸೊನ್ನೆಯಾದಲ್ಲಿ ಬೆಳಕಿನ ಲೆಕ್ಕವನ್ನು ಬಿಟ್ಟು ಇದ್ದ ಬಣ್ಣವನ್ನೇ ಇಡು ಎಂದು ಒಂದು ಸಾಲನ್ನು ಸೇರಿಸಿದೆವು. ಚುಕ್ಕೆಗಳು ಮಾಯವಾದುವು. ಅಷ್ಟಕ್ಕೇ ನಿಲ್ಲಿಸದೆ, ಆ ಸಾಲನ್ನು ತೆಗೆದು ನೋಡಿದೆವು: ಚುಕ್ಕೆಗಳು ಮರಳಿದುವು. ಮತ್ತೆ ಹಾಕಿದೆವು: ಹೋದುವು. ಆಗ ಮಾತ್ರ ವೈದ್ಯರಿಗೆ, “ಸ್ವಾಮಿ, ಇವು ಚಿತ್ರದಲ್ಲಿವೆ, ರೋಗಿಯಲ್ಲಿಲ್ಲ” ಎಂದು ಹೇಳಲು ಧೈರ್ಯವಾಯಿತು. ಮೂಲದ ಹೋಳುಗಳಲ್ಲಿಯೂ ಎಲುಬು ಗಟ್ಟಿಯಾಗಿದೆಯೆಂದು ಅವರು ಬೇರೆಯಾಗಿ ಕಂಡುಕೊಂಡಿದ್ದರು. ಆ ಉಕ್ಕಿನ ತಿರುಪಿನ ಮಾದರಿಯನ್ನು ನಮ್ಮ ಪರೀಕ್ಷೆಯ ಸಾಮಗ್ರಿಯಲ್ಲಿ ಸೇರಿಸಿ, ಪ್ರೋಗ್ರಾಮನ್ನು ಬದಲಿಸಿದಾಗಲೆಲ್ಲ ಎರಡು ಬಗೆಯ ಕಾರ್ಡುಗಳಲ್ಲಿಯೂ ಅದನ್ನು ಬರೆಸಿ ಹೋಲಿಸುವ ಏರ್ಪಾಡನ್ನು ಮಾಡಿದೆವು.

ಸಲಕರಣೆಯನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನು ಮರೆಯಬಾರದು. ಹಿಡಿದ ಫ್ರೇಮು ನಿಂತ ನೀರು; ಹರಿಯುವ ನೀರಿನ ದೋಷಗಳು ಅದರಲ್ಲಿ ಕಾಣದೆ ಹೋಗಬಹುದು. ಎರಡು ಕೆಲಸಗಳು ಒಂದನ್ನೊಂದು ಕಾಯದೆ ಮುನ್ನುಗ್ಗುವುದರಿಂದ ಆಗುವ ದೋಷವು, ನಾವು ನೋಡಲು ತೊಡಗಿ ಯಂತ್ರದ ಗತಿ ಕೊಂಚ ಬದಲಾದೊಡನೆ, ಅಡಗಿಕೊಳ್ಳುವುದುಂಟು. ಅಂಥಲ್ಲಿ ಬೇರೆ ಉಪಾಯ ಬೇಕು. ನಿನ್ನೆ ಸರಿಯಾಗಿದ್ದುದು ಇಂದು ಕೆಟ್ಟಿದ್ದರೆ, ನಡುವಣ ಬದಲಾವಣೆಗಳನ್ನು ಅರ್ಧರ್ಧವಾಗಿ ಬಿಡುತ್ತ ಹೋಗುವ ಕ್ರಮವೊಂದಿದೆ; ಸಾವಿರ ಬದಲಾವಣೆಗಳಿದ್ದರೂ ಹತ್ತು ಪರೀಕ್ಷೆಗಳಲ್ಲಿ ಅಪರಾಧಿಯು ಸಿಕ್ಕುವನು. ೨೦೧೬ರಲ್ಲಿ ಹೊರಬಂದ ವಲ್ಕನ್ ಎಂಬ ಚಿತ್ರವ್ಯವಸ್ಥೆಯೊಡನೆ, ಪ್ರತಿಯೊಂದು ಅಪ್ಪಣೆಯನ್ನೂ ನಿಯಮದೊಡನೆ ತಾಳೆನೋಡುವ ಕಾವಲುಗಾರನನ್ನೂ ಸೇರಿಸಿಕೊಳ್ಳಬಹುದು. ಯಾವ ಸಾಧನವಾದರೂ ಪ್ರಶ್ನೆಯನ್ನು ತಾನೇ ಕೇಳದು. ಏನನ್ನು ಸಂದೇಹಿಸಬೇಕೆಂಬುದು ಮನುಷ್ಯನ ಕೆಲಸ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳುವರು. ಚಿತ್ರವನ್ನೇ ಬಾಳ್ವೆಯಾಗಿ ಮಾಡಿಕೊಂಡವನಿಗೆ ಇದಕ್ಕಿಂತ ಹತ್ತಿರದ ಮಾತು ಮತ್ತೊಂದಿಲ್ಲ. ಕಣ್ಣಿಗೆ ಕಂಡುದು ಸತ್ಯವೆಂಬ ನಂಬಿಕೆಯನ್ನು ಜನರಲ್ಲಿ ಹುಟ್ಟಿಸುವುದೇ ನಮ್ಮ ಕಸುಬಾಗಿರುವಾಗ, ಆ ನಂಬಿಕೆಯನ್ನು ಮೊದಲು ಒರೆಗೆ ಹಚ್ಚಬೇಕಾದವರೂ ನಾವೇ. ನನ್ನ ಮೇಜಿನ ಮೇಲಿನ ಸಾಧನಗಳಲ್ಲಿ ಪರೀಕ್ಷಿಸುವವುಗಳ ಮೇಲೆ ನನಗೆ ಅಕ್ಕರೆ ಹೆಚ್ಚಾಗಿರುವುದು ಈ ಕಾರಣದಿಂದ.