ಬಂದೂಕ ಆರಿಸೂ ಮುಂದ ವೈನಿ ಕೇಳಿದ ಮಾತು

ಗೊಂಜಾಳ ತೆನಿ ಹಾಲಗಾಳ ತುಂಬಿದವು ಅಂದ್ರ ನಮ್ಮ ಕಡೆ ಗಂಡಸರ ಮಾತಿನ್ಯಾಗ ಬಂದೂಕ ಬಂದ ಬರತೈತಿ. ಗುಡ್ಡದ ಬಾಜೂಕ ಹೊಲ ಇದ್ದವರಂತೂ ಬ್ಯಾರೇ ಮಾತ ಆಡೂದಿಲ್ಲ. ಕಾಡಹಂದಿ ತಿನ್ನೂದು ಸ್ವಲ್ಪ, ಕೆಡವಿ ತುಳಿಯೂದು ಭಾಳ. ಕಬ್ಬಿನ್ಯಾಗ ಹೊಕ್ಕು ಕುಂತ್ರ ಹಗಲೊತ್ತು ಕಣ್ಣಿಗೂ ಬೀಳೂದಿಲ್ಲ. ನನ್ನ ತಂಗೀನ ರಾಣೆಬೆನ್ನೂರ ಕಡೆ ಕೊಟ್ಟೇವಿ. ಅಲ್ಲಿ ಹಂದಿಗಿಂತ ಚಿಗರಿ ಕಾಟ ಹೆಚ್ಚು. ಹಿಂಡ ಕಟ್ಟಿಕೊಂಡು ಬಂದು ಎಳೀ ಪೈರಿನ ಕುಡಿ ಮೇದು ಹೋಗತಾವು. 1974 ರಾಗ ಅಲ್ಲಿ ಚಿಗರಿಗಂತನ ಅಭಯಾರಣ್ಯ ಮಾಡ್ಯಾರು. ಆದ್ರ ಗಡಿ ಕಲ್ಲ ಎಲ್ಲಿ ಐತಿ ಅಂತ ಚಿಗರಿಗೇನ ಗೊತ್ತು? ಹಸಿರು ಕಂಡಲ್ಲಿ ಹೋಗತಾವು.

ಈ ಸಲ ಗಣಪತಿ ಹಬ್ಬಕ್ಕ ಹುಕ್ಕೇರಿ ತಾಲೂಕಿನ ನನ್ನ ತವರಿಗೆ ಹೋದಾಗ ಮನ್ಯಾಗ ಇದ ಮಾತು. ಅಣ್ಣನ ಮಗ ಹಟ ಹಿಡದಿದ್ದ. "ಅತ್ತಿ, ನೀನರ ಅಪ್ಪಗ ಹೇಳ. ಒಂದ ರೈಫಲ್ ತಗೋಳೂನು. ಅಮೇರಿಕಾದಾಗ ಬಾಯಿಂದ ಮದ್ದು ತುಂಬೂ ಬಂದೂಕಿಗೇ ಚಿಗರಿ ಬೇಟೀದು ಬ್ಯಾರೇ ಹಂಗಾಮ ಇರತೈತಿ ಗೊತ್ತೇನ?" ಅಂತ ಫೋನ ತೋರಿಸಿದ. ಅವ ಹೇಳಿದ್ದು ಖರೇನ. ಅಲ್ಲಿ ಭಾಳ ರಾಜ್ಯದಾಗ ಹಂಗ ಐತಿ. ಆದ್ರ ಅದು ಅಲ್ಲಿ ಮಾತು. ನಮ್ಮ ದೇಶದಾಗ 1972 ರ ವನ್ಯಜೀವಿ ಕಾಯಿದೆ ಬಂದ ಮ್ಯಾಲೆ ಚಿಗರಿ ಬೇಟಿ ಅನ್ನೂದು ಅಪರಾಧ. ಕೃಷ್ಣಮೃಗ ಅಂತಾರಲ್ಲ, ಅದನ್ನ ಹೊಡದ್ರ 3 ವರ್ಷದಿಂದ 7 ವರ್ಷದ ತನಕ ಜೇಲು. ಹಂದೀನೂ ಅದ ಕಾಯಿದೆ ಒಳಗ ಐತಿ. ಅಪ್ಪಣಿ ಇಲ್ಲದ ಹೊಡಿಯಾಕ ಬರೂದಿಲ್ಲ. ಕೈಯಾಗ ಬಂದೂಕಿನ ಲೈಸೆನ್ಸ ಐತಿ ಅಂದಮಾತ್ರಕ್ಕ ಪ್ರಾಣಿ ಹೊಡಿಯೂ ಲೈಸೆನ್ಸ ಸಿಕ್ಕಂಗಲ್ಲ. ಇವೆರಡೂ ಬ್ಯಾರೇ ಬ್ಯಾರೇ. ಇದನ್ನ ಮೊದಲ ತಿಳಕೋಬೇಕು.

ಇನ್ನ ಎಂಥಾ ಬಂದೂಕ ಅನ್ನೂ ಮಾತು. ರೈಫಲ್ ಅಂದ್ರ ಅದರ ನಳಗಿ ಒಳಗ ಸುತ್ತು ಸುತ್ತಾಗಿ ಗೀರು ಇರತಾವು. ಗುಂಡು ಬುಗರಿಯಂಗ ತಿರುಗಿಕೋತ ಕಿಲೋಮೀಟರಗಟ್ಟಲೆ ಹೋಗತೈತಿ. ಅದು ಹೊಲ ಕಾಯೂ ಸಾಮಾನಲ್ಲ. 1959 ರ ಶಸ್ತ್ರ ಕಾಯಿದ್ಯಾಗ ಬೆಳಿ ರಕ್ಷಣಾಕ್ಕ ಅಂತ ಹೆಸರ ಹೇಳಿ ಬರದಿದ್ದು ಬಾಯಿಂದ ತುಂಬೂ ಬಂದೂಕನ್ನ. ನಮ್ಮ ಹಿರ್ಯಾರು ಭರಮಾರ ಅಂತಿದ್ರಲ್ಲ, ಅದ. ಅದು ಸಾಲೂದಿಲ್ಲ ಅಂತ ಅಧಿಕಾರಿಗೆ ಅನಿಸಿದ್ರ ಮಾತ್ರ ಹಿಂದಿನಿಂದ ತೋಟಾ ಹಾಕೂ ಬಂದೂಕು ಕೊಡಬಹುದು, ಅದೂ ನುಣುಪ ನಳಗೀದು. ಅರ್ಜಿ ಡೀಸಿ ಆಫೀಸಿಗೆ ಕೊಡಬೇಕು, ಪೊಲೀಸರು ವಿಚಾರಣಿ ಮಾಡತಾರು, 21 ವರ್ಷ ತುಂಬಿರಬೇಕು. ಕೊಡಗಿನವರಿಗೆ ಲೈಸೆನ್ಸ ಬ್ಯಾಡ ಅಂತಾರಲ್ಲ ಅಂತ ಹುಡುಗ ಕೇಳಿದ. ಹೌದು, ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಆ ರಿಯಾಯಿತಿ ಐತಿ. ನಮಗ ಇಲ್ಲ.

ಭರಮಾರ ಬಂದೂಕು ನಮ್ಮಪ್ಪನ ಕಡೆ ಇತ್ತು, ಹಂಗಾಗಿ ನನಗ ಅದರ ಗುಣ ಗೊತ್ತೈತಿ. ನಳಗಿ ಬಾಯಾಗ ಅಳತಿಯಿಂದ ಕರೀ ಮದ್ದು ಹಾಕಬೇಕು. ಮ್ಯಾಲೆ ನಾರೋ ಕಾಗದೋ ತುರುಕಿ ಸಳಿಯಿಂದ ಗುದ್ದಬೇಕು. ಬೇಕಾದ್ರ ಸೀಸದ ಕಾಳು, ಅದರ ಮ್ಯಾಲೆ ಮತ್ತ ಕಾಗದ, ಮತ್ತ ಗುದ್ದೂದು. ಕಡೀಕ ಹಿಂದ ಸಣ್ಣ ತಾಮ್ರದ ಟೋಪಿ ಇಡಬೇಕು. ಕುದರಿ ಎಳದ್ರ ಟೋಪಿ ಮ್ಯಾಲೆ ಪೆಟ್ಟ ಬಿದ್ದು ಒಳಗಿನ ಮದ್ದು ಹತ್ತತೈತಿ. ಢಂ ಅಂತ ಒಂದ ಸಲ. ಮತ್ತ ಬೇಕಂದ್ರ ಎಲ್ಲಾ ಮೊದಲಿಂದ. ಮಳ್ಯಾಗ ಮದ್ದು ತಂಪ ಹಿಡದ್ರ ಬರೇ ಟಿಕ್ ಅಂತೈತಿ. ಬೆಳಿ ಕಾಯೂ ಹೊತ್ತಿನ್ಯಾಗನ ಮಳಿ ಇರತೈತಿ, ಅದು ಇದರ ದೊಡ್ಡ ಕೊರತಿ.

"ಅಷ್ಟ ನಿಧಾನದ್ದು ಯಾಕ ಬೇಕು? ಜೋಡ ನಳಗೀದು ಕೇಳೂನು" ಅಂದ ಹುಡುಗ. ಅಣ್ಣನೂ ಅರ್ಧ ಮನಸಿಗೆ ಬಂದಿದ್ದ.

ಅಷ್ಟೊತ್ತನಕ ರೊಟ್ಟಿ ಬಡಕೋತ ಸುಮ್ಮನ ಇದ್ದ ವೈನಿ ಒಳಗಿಂದನ ಕೇಳಿದ್ರು. "ರೀ, ಕಬ್ಬಿನ್ಯಾಗ ಸರಕ್ ಅಂದ್ರ ಅದು ಹಂದಿ ಅಂತ ಕತ್ತಲ್ಯಾಗ ಹೆಂಗ ಗೊತ್ತ ಮಾಡ್ತೀರಿ?"

ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ರ ರಾತ್ರಿನ ನೀರ ಹಾಯಿಸಾಕ ಹೋಗಬೇಕು. ಬದುವಿನ ಮ್ಯಾಲೆ, ಕಾಲುವಿ ದಂಡಿಗೆ, ಬ್ಯಾಟರಿ ಹಚ್ಚದ ಓಡಾಡವರು ಎಷ್ಟ ಮಂದಿ. ಹಂಗಾಮ ಸುರು ಆದ್ರ ಕಬ್ಬ ಕಡಿಯೂ ಗ್ಯಾಂಗಿನವರು ಹೊಲದ ದಂಡಿಗೆ ಗುಡಸಲ ಹಾಕಿಕೊಂಡು ಕೂಸು ಕುನ್ನಿ ಕಟಗೊಂಡು ಇರತಾರು. ಅವರ ಹೆಣ್ಮಕ್ಕಳು ಬಯಲಕಡೆಗೆ ಹೋಗೂದೂ ಅದ ಕತ್ತಲ್ಯಾಗ.

ವೈನಿ ಮುಂದಿನ ಮಾತು ಇನ್ನೂ ಕಠಿಣ ಇತ್ತು. "ಬಾಜೂ ಹೊಲ ಕಾಕಾನ ಮಕ್ಕಳದು. ಬದುವಿನ ಸಲುವಾಗಿ 6 ವರ್ಷದಿಂದ ಮಾತಿಲ್ಲ. ಹೋದ ವರ್ಷ ಸಲಿಕಿ ಎತ್ತಿದ್ದಿರಿ, ಹಿಡಕೊಳ್ಳಾಕ ನಾನ ಓಡಿ ಬಂದೆ. ಸಲಿಕಿ ಆದ್ರ ಕೈ ಹಿಡಕೋತೇನಿ. ಜೋಡ ನಳಗಿ ಬಂದೂಕಿದ್ರ ಏನ ಹಿಡಕೊಳ್ಳಲಿ?"

ಅಣ್ಣ ತೆಳಗ ನೋಡಿದ. ನಾನೂ ಅವಾಗ ಅಂದೆ. ನನ್ನ ಮಾತು ಇಷ್ಟ. ತುಂಬೂ ಬಂದೂಕು ನಿಧಾನ ಅನ್ನೂದನ್ನ ಕೊರತಿ ಅಂತ ಯಾಕ ತಿಳೀತೀರಿ? ಮದ್ದು ಅಳದು, ಕಾಗದ ತುರುಕಿ, ಸಳಿಯಿಂದ ಗುದ್ದಿ, ಟೋಪಿ ಇಡೂದರಾಗ ಮನಷ್ಯಾನ ಸಿಟ್ಟು ಅರ್ಧ ಇಳೀತೈತಿ. ಹಿಂದಿನಿಂದ ಯಾರರ ಬಂದು ಕೂಗಿ ಕರಿಯಾಕ ಹೊತ್ತ ಸಿಗತೈತಿ. ಮನ್ಯಾಗ ಬಂದೂಕು ಇರಬೇಕಂದ್ರ ನಿಧಾನದ್ದ ಇರಲಿ. ಅದೂ ಬರೇ ಮದ್ದು ಕಾಗದ ತುಂಬಿ ಸಪ್ಪಳ ಮಾಡಾಕ ಅಷ್ಟ, ಸೀಸದ ಕಾಳು ಮನಿಗೆ ಬರೂದ ಬ್ಯಾಡ.

"ಬರೇ ಸಪ್ಪಳ ಬೇಕಾದ್ರ ಪಟಾಕಿ ಸಾಕಲ್ಲ ಅತ್ತಿ?" ಅಂದ ಹುಡುಗ. ಅವನ ಬಾಯಿಂದನ ಬಂತು.

ನಮ್ಮ ಭಾಗದಾಗ ಆಯುಧ ಅಂದ್ರ ಮಾನದ ಮಾತು ಅನ್ನೂದು ನನಗೂ ಗೊತ್ತೈತಿ. ಮುಧೋಳ ತಾಲೂಕಿನ ಹಲಗಲಿ ಮೂಡಲಗಿಯಿಂದ ಭಾಳ ದೂರೇನಲ್ಲ. 1857 ರಾಗ ಆಯುಧ ಒಪ್ಪಸರಿ ಅಂತ ಇಂಗ್ರೇಜರು ಹುಕುಂ ಮಾಡಿದಾಗ ಅಲ್ಲಿ ಬೇಡರು ಕೊಡೂದಿಲ್ಲ ಅಂತ ನಿಂತ್ರು. ಊರ ಸುಟ್ರು, ಮುಂದಾಳುಗಳನ್ನ ಗಲ್ಲಿಗೆ ಹಾಕಿದ್ರು. ಆದ್ರ ಅವರಿಗೆ ಆಯುಧ ಅಂದ್ರ ಹೊಟ್ಟಿ, ಅದರ ಮ್ಯಾಲೆ ಬದುಕು. ನಮ್ಮ ಹುಡುಗರು ಫೋನಿನ್ಯಾಗ ನೋಡಿ ಕೇಳೂ ಬಂದೂಕಿಗೆ ಅದರ ಹೆಸರು ಹೇಳಬಾರದು.

ಬಂದೂಕು ಗಂಡಸರ ಹೆಸರಿಲೆ ಇರತೈತಿ, ಜ್ವಾಪಾನ ಮಾಡೂದು ಹೆಂಗಸರಿಗೆ ಬೀಳತೈತಿ. ಅದಕ್ಕ ನಮ್ಮವ್ವನಿಂದ ಕಲಿತದ್ದನ್ನ ನಿಮಗೂ ಹೇಳತೇನಿ. ನಿಮ್ಮನ್ಯಾಗ ಹಳೇದು ಇದ್ರ ಉಪಯೋಗ ಆದೀತು. ಒಳಗ ಮದ್ದು ಐತೋ ಇಲ್ಲೋ ಅಂತ ನೋಡಾಕ ಸಳಿ ಇಳಿಬಿಡಬೇಕು. ಖಾಲಿ ಇದ್ದಾಗ ಎಲ್ಲಿತನಕ ಇಳೀತೈತಿ ಅಂತ ಸಳಿ ಮ್ಯಾಲೆ ಮೊದಲ ಒಂದ ಗುರ್ತ ಮಾಡಿಟ್ಟಿರಬೇಕು. ಆ ಗುರ್ತ ನಳಗಿ ಬಾಯಿಗಿಂತ ಮ್ಯಾಲೆ ನಿಂತ್ರ ಒಳಗ ಏನೋ ಐತಿ ಅಂತ ಅರ್ಥ. ನೋಡೂ ಮುಂದ ಟೋಪಿ ತಗದಿರಬೇಕು, ಮುಖ ನಳಗಿ ಎದರಿಗೆ ತರಬಾರದು. ಹಾರಿಸಿದ ಮ್ಯಾಲೆ ಮದ್ದಿನ ಮಸಿ ತಂಪ ಎಳಕೊಂಡು ಕಬ್ಬಿಣ ತಿಂತೈತಿ. ಬಿಸಿನೀರಿಲೆ ತೊಳದು, ಒಣಗಿಸಿ, ಎಣ್ಣಿ ಹಚ್ಚಬೇಕು, ನಮ್ಮ ಕಬ್ಬಿಣದ ಹಂಚಿನಂಗ. ಮದ್ದು ಒಲಿ ಇದ್ದಲ್ಲಿ ಬ್ಯಾಡ, ದೇವರ ದೀಪದ ಹಂತ್ಯಾಕೂ ಬ್ಯಾಡ. ಮದ್ದು ಒಂದ ಕಡೆ, ಬಂದೂಕು ಒಂದ ಕಡೆ, ಎರಡಕ್ಕೂ ಕೀಲಿ. ಖಂಡೇ ಪೂಜಾಕ್ಕ ಹೂವ ಏರಿಸೂ ಮೊದಲ ಸಳಿ ಇಳಿಬಿಟ್ಟು ನೋಡೇ ಏರಿಸರಿ, ಅವತ್ತ ಮನಿ ತುಂಬ ಹುಡುಗರು ಇರತಾರು. ಹಳೇದು ಕೊಳ್ಳೂದಾದ್ರ ನಳಗಿ ಎಲ್ಲೆರ ಉಬ್ಬೈತೇನ, ಸೀಳೈತೇನ ನೋಡರಿ. ನಳಗಿ ಮ್ಯಾಲಿನ ನಂಬರೂ ಪುಸ್ತಕದಾಗಿನ ನಂಬರೂ ಒಂದ ಇರಬೇಕು.

ಲೈಸೆನ್ಸ ಒಬ್ಬರ ಹೆಸರಿಗೆ ಅಷ್ಟ, ಮನಿಗಲ್ಲ. ನಮ್ಮಪ್ಪ ತೀರಿಕೊಂಡ ಮ್ಯಾಲೆ ಅವ್ವ ಹದಿಮೂರನೇ ದಿನ ಮುಗಿಸಿ ಮೊದಲ ಮಾಡಿಸಿದ ಕೆಲಸ ಅಂದ್ರ ಬಂದೂಕು ಸ್ಟೇಶನ್ನಿಗೆ ಜಮಾ. ಎಲೆಕ್ಷನ್ ಬಂದಾಗೂ ಒಯ್ದು ಇಡಬೇಕು, ಪಾವತಿ ತಗೋಬೇಕು.

ಅವತ್ತ ರಾತ್ರಿ ಬಂದೂಕಿನ ಅರ್ಜಿ ಬರಿಯೂದು ನಿಂತಿತು. ಸೋಲಾರ್ ಬೇಲಿ ಹಾಕೂದು ಅಂತ ಮಾತಾತು. ಬಿಸಿಲಿಗೆ ಬ್ಯಾಟರಿ ತುಂಬಿ, ತಂತಿಗೆ ಕ್ಷಣಕ್ಕೊಂದ ಸಲ ಝಟಕಾ ಕೊಡತೈತಿ, ಹಂದಿ ಬೆದರಿ ಓಡತೈತಿ, ಸಾಯೂದಿಲ್ಲ. ಹಂದಿಗೆ ತೆಳಗಿನ ತಂತಿ ನೆಲದಿಂದ ಒಂದ ಗೇಣಿನ ಹಂತ್ಯಾಕ ಇರಬೇಕು, ಹುಲ್ಲ ತಾಗದಂಗ ಕೊಯ್ಕೋತ ಇರಬೇಕು. ಮನಿ ಲೈನಿನ ಕರೆಂಟ್ ಮಾತ್ರ ತಂತಿಗೆ ಯಾರೂ ಕೊಡಬ್ಯಾಡರಿ, ಅದು ಮಂದೀನ ಕೊಲ್ಲತೈತಿ. ಆದ ನುಕಸಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಐತಿ. ಫೋಟೋ, ಉತಾರ, ಪಾಸಬುಕ್ ಹಚ್ಚಿ ಅರ್ಜಿ ಕೊಡಬೇಕು.

ತೊಡಕ ಒಂದ ಇತ್ತು. ಬೇಲಿ ಹೋಗೂದು ಅದ ಜಗಳದ ಬದುವಿನ ಮ್ಯಾಲೆ. ಎರಡೂ ಹೊಲಾ ಕೂಡಿಸಿ ಸುತ್ತ ಹಾಕಿದ್ರ ಖರ್ಚ ಕಡಿಮಿ, ಹಂದಿಗೂ ಸಂದಿ ಸಿಗೂದಿಲ್ಲ. ಅಣ್ಣ ಹೋಗಲಿಲ್ಲ. ವೈನಿನ ಕಡಬು ಕಟಗೊಂಡು ಕಾಕಾನ ಸೊಸಿ ಕಡೆ ಹೋಗಿ ಬಂದ್ರು. ಅವರ ಗೊಂಜಾಳನೂ ಅಷ್ಟ ಹಾಳಾಗಿತ್ತು. ಖರ್ಚ ಅರ್ಧ ಅರ್ಧ ಅಂತ ಆಗೇತಿ. ಬದುವಿನ ಜಗಳ ಇನ್ನೂ ಹಂಗ ಐತಿ, ಆದ್ರ ಗೂಟ ಹುಗಿಯೂ ದಿನ ಗಂಡಸರು ಒಬ್ಬರಿಗೊಬ್ಬರು "ಆ ಕಡೆ ಹಿಡಿಯೋ" ಅಂದಾರಂತ. 6 ವರ್ಷದಾಗ ಅದ ಮೊದಲ ಮಾತು.

ಹುಡುಗಗ ಇನ್ನೂ ಬಂದೂಕಿನ ಆಸೆ ಹೋಗಿಲ್ಲ. ಮುಂದಿನ ವರ್ಷ ಮತ್ತ ಕೇಳತಾನು. ನಿಮ್ಮ ಮನ್ಯಾಗೂ ಈ ಮಾತು ಬಂದ್ರ, ಗಂಡಸರ ವ್ಯವಹಾರ ಅಂತ ಸುಮ್ಮನ ಇರಬ್ಯಾಡರಿ ಅಕ್ಕಾರ. ಎಷ್ಟ ದೂರ ಹೊಡೀತೈತಿ ಅಂತ ಅವರು ಕೇಳಲಿ. ಯಾರ ಮ್ಯಾಲೆ ಬೀಳಬಹುದು, ಕೀಲಿ ಯಾರ ಕೈಯಾಗ ಇರತೈತಿ ಅಂತ ನೀವು ಕೇಳರಿ.