ಎಲೇನ್: ಲೆಕ್ಕ ಕೇಳಿದವರ ಊರು

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಪೂರ್ವದ ಅಂಚಿನಲ್ಲಿ, ಮಿಸಿಸಿಪ್ಪಿ ಮಹಾನದಿಯ ದಡದ ಮೇಲೆ ಹೆಲೆನಾ ಎಂಬ ಪಟ್ಟಣವಿದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಕಣ್ಣು ಹಾಯುವಷ್ಟು ದೂರವೂ ಸಮತಟ್ಟಾದ ಹೊಲಗಳೇ. ನದಿಯು ಯುಗಯುಗಗಳಿಂದ ತಂದು ಹಾಸಿದ ಮೆಕ್ಕಲು ಮಣ್ಣು ಹತ್ತಿಗೆ ಹೇಳಿ ಮಾಡಿಸಿದಂಥದು. ಈ ಹೊಲಗಳ ನಡುವೆ ಎಲೇನ್ ಎಂಬ ಚಿಕ್ಕ ಊರು. ಅದರ ಉತ್ತರಕ್ಕೆ ಹೂಪ್ ಸ್ಪರ್ ಎಂಬ ಸ್ಥಳ. ಅಲ್ಲಿದ್ದ ಚರ್ಚು ಇಂದು ಉಳಿದಿಲ್ಲ. ಆದರೆ 1919ರ ಸೆಪ್ಟೆಂಬರ್ 30ರ ರಾತ್ರಿ ಅಲ್ಲಿ ಕೂಡಿದ ಸಭೆಯ ಸಂಗತಿಯನ್ನು ಅರಿಯದವನಿಗೆ ಈ ನೆಲ ಬರಿಯ ಹೊಲವಾಗಿಯೇ ಕಂಡೀತು.

ಸಭೆ ಸೇರಿದವರು ಬಿಳಿಯ ಜಮೀನುದಾರರ ಭೂಮಿಯನ್ನು ಕೋರಿಗೆ ಉಳುತ್ತಿದ್ದ ಕಪ್ಪು ಜನಾಂಗದ ರೈತರು. ಗುಲಾಮಗಿರಿಯು 1865ರಲ್ಲಿಯೇ ಕಾನೂನಿನಿಂದ ಅಳಿದಿತ್ತು, ಸಾಲವು ಅಳಿದಿರಲಿಲ್ಲ. ದಿನಸಿ, ಬಟ್ಟೆ, ಬೀಜಗಳನ್ನು ಧಣಿಯಿಂದ ಸಾಲವಾಗಿ ತಂದು, ಸುಗ್ಗಿಯಲ್ಲಿ ಹತ್ತಿಯನ್ನು ಅವನಿಗೇ ಒಪ್ಪಿಸಬೇಕು. ಹತ್ತಿ ಎಷ್ಟಕ್ಕೆ ಮಾರಿತು, ಸಾಲ ಎಷ್ಟು ತೀರಿತು ಎಂಬುದು ಧಣಿಯ ಖಾತೆ ಪುಸ್ತಕದಿಂದಾಚೆಗೆ ಬರುತ್ತಿರಲಿಲ್ಲ. ರಾಬರ್ಟ್ ಹಿಲ್ ಎಂಬಾತ ಕಟ್ಟಿದ ಸಂಘದ ಮೂಲಕ, ವಕೀಲರನ್ನು ಹಿಡಿದು, ಆ ಲೆಕ್ಕವನ್ನು ಕೇಳಬೇಕೆಂಬುದು ಅವರ ಸಂಕಲ್ಪ.

ಕಾಲವಾದರೋ ಭೀತಿಯದು. 1917ರ ರಷ್ಯದ ಕ್ರಾಂತಿಯ ತರುವಾಯ ಅಮೆರಿಕವು ಮುಷ್ಕರ ಕಂಡಲ್ಲೆಲ್ಲ ಕಮ್ಯುನಿಸ್ಟರ ಸಂಚನ್ನು ಶಂಕಿಸುತ್ತಿತ್ತು. 1919ರ ಜೂನ್‌ನಲ್ಲಿ ಅಟಾರ್ನಿ ಜನರಲ್ ಪಾಮರ್ ಅವರ ಮನೆಗೇ ಬಾಂಬು ಬಿದ್ದಿತ್ತು. ಅದೇ ಬೇಸಿಗೆಯಲ್ಲಿ ವಾಷಿಂಗ್ಟನ್, ಷಿಕಾಗೋ ಮುಂತಾದೆಡೆ ಕಪ್ಪು ಜನರ ಮೇಲೆ ದಾಳಿಗಳಾದವು. ಅವರ ಅಸಮಾಧಾನದ ಹಿಂದೆಯೂ ರಷ್ಯದ ಕೈವಾಡವನ್ನು ಕಂಡ ಪತ್ರಿಕೆಗಳಿದ್ದವು. ಲೇಖಕ ಜೇಮ್ಸ್ ವೆಲ್ಡನ್ ಜಾನ್ಸನ್ ಆ ಋತುವನ್ನು ‘ಕೆಂಪು ಬೇಸಿಗೆ’ ಎಂದು ಕರೆದರು. ಆ ಕೆಂಪು ಬಾವುಟದ್ದಲ್ಲ, ರಕ್ತದ್ದು.

ಹೂಪ್ ಸ್ಪರ್ ಚರ್ಚಿನ ಮುಂದೆ ಆ ರಾತ್ರಿ ಒಂದು ಕಾರು ಬಂದು ನಿಂತಿತು, ಗುಂಡುಗಳು ಹಾರಿದವು, ಬಿಳಿಯನೊಬ್ಬ ಸತ್ತ. ಮೊದಲು ಹಾರಿಸಿದವರು ಯಾರೆಂಬುದು ಇಂದಿಗೂ ವಿವಾದದ ವಿಷಯ. ಮರುದಿನ ನದಿಯಾಚೆಯಿಂದಲೂ ಶಸ್ತ್ರಧಾರಿಗಳ ಗುಂಪುಗಳು ಬಂದಿಳಿದವು. ಅನಂತರ ಐನೂರಕ್ಕೂ ಹೆಚ್ಚು ಸೈನಿಕರು ಬಂದರು. ಸತ್ತ ಬಿಳಿಯರು ಐವರು. ಸತ್ತ ಕಪ್ಪು ಜನರನ್ನು ಎಣಿಸಿದವರಿಲ್ಲ. ಆ ಸಂಖ್ಯೆ ನೂರನ್ನು ಮೀರಿತೆಂದು ಅನೇಕ ಇತಿಹಾಸಕಾರರ ಅಂದಾಜು. ಇದು ಬಿಳಿಯರನ್ನು ಕೊಲ್ಲಲು ಹೂಡಿದ ದಂಗೆಯೆಂದು ಊರ ಪ್ರಮುಖರ ಸಮಿತಿಯು ಸಾರಿತು. ಲೆಕ್ಕ ಕೇಳಿದ್ದೇ ರಾಜದ್ರೋಹವಾಯಿತು!

ಹೆಲೆನಾದ ನ್ಯಾಯಾಲಯದಲ್ಲಿ, ಬಿಳಿಯರೇ ತುಂಬಿದ ಜ್ಯೂರಿಯು ಕೆಲವೇ ನಿಮಿಷಗಳಲ್ಲಿ ತೀರ್ಮಾನವಿತ್ತು, ಹನ್ನೆರಡು ಮಂದಿಗೆ ಮರಣದಂಡನೆಯಾಯಿತು. ಪತ್ರಕರ್ತೆ ಐಡಾ ಬಿ. ವೆಲ್ಸ್ 1920ರಲ್ಲಿ ಸೆರೆಮನೆಗೆ ಹೋಗಿ ಅವರ ಬಾಯಿಂದಲೇ ಕಥೆಯನ್ನು ಕೇಳಿ ಪ್ರಕಟಿಸಿದರು. ಗುಲಾಮ ತಾಯಿಯ ಮಗನಾದ ವಕೀಲ ಸಿಪಿಯೋ ಜೋನ್ಸ್ ಹಗಲಿರುಳೂ ಹೋರಾಡಿದರು. ಗುಂಪಿನ ಬೆದರಿಕೆಯ ಕೆಳಗೆ ನಡೆದ ವಿಚಾರಣೆಯು ವಿಚಾರಣೆಯೇ ಅಲ್ಲವೆಂಬ ತತ್ತ್ವವನ್ನು 1923ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. 1925ರ ಜನವರಿಯ ಹೊತ್ತಿಗೆ ಹನ್ನೆರಡು ಜನರೂ ಬಿಡುಗಡೆ ಹೊಂದಿದ್ದರು.

ಕಾಯಕಕ್ಕೆ ಘನತೆಯಿತ್ತ ಶರಣರನ್ನು ನೆನೆಯುವ ನಮ್ಮ ಮನೆಗಳಿಗೆ ಈ ಕಥೆ ಪರದೇಶದ್ದೆನಿಸದು. ದುಡಿದವನು ತನ್ನ ದುಡಿಮೆಯ ಲೆಕ್ಕ ಕೇಳಿದಾಗ ಅವನಿಗೆ ಭಯಂಕರವಾದ ಹೆಸರೊಂದನ್ನು ಅಂಟಿಸಿಬಿಟ್ಟರೆ, ಲೆಕ್ಕ ಕೊಡುವ ಕಷ್ಟವೇ ತಪ್ಪುತ್ತದೆ.

2019ರಲ್ಲಿ, ನೂರು ವರ್ಷ ತುಂಬಿದಾಗ, ಹೆಲೆನಾದ ನ್ಯಾಯಾಲಯದ ಎದುರಿಗೇ ಸ್ಮಾರಕವೊಂದು ಎದ್ದಿತು. ಅದೇ ವರ್ಷ ಎಲೇನ್‌ನಲ್ಲಿ ಸತ್ತವರ ನೆನಪಿಗೆ ಒಂದು ವಿಲ್ಲೋ ಸಸಿಯನ್ನೂ ನೆಟ್ಟಿದ್ದರು. ಆಗಸ್ಟ್‌ನಲ್ಲಿ ಯಾರೋ ಅದನ್ನು ಬುಡಕ್ಕೇ ಕಡಿದು ಹಾಕಿದರು.