ಒತ್ತಿನೆಣೆಯ ಏರು, ಭಾವನ ಯೆಜ್ಡಿ

ಕಳೆದ ರಜೆಯಲ್ಲಿ ಬೈಂದೂರಿನ ಅಕ್ಕನ ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ, ತೆಂಗಿನ ಮಡಲಿನ ಮರೆಯಲ್ಲಿ, ತೀರಿಹೋದ ಭಾವನ ಯೆಜ್ಡಿ ಬೈಕು ನಿಂತಿತ್ತು. ಮರುದಿನ ಅದನ್ನು ಗುಜರಿಗೆ ಕೊಡುವುದೆಂದು ಅಕ್ಕ ನಿಶ್ಚಯಿಸಿದ್ದಳು. ಮೊಮ್ಮಗ ಧೂಳು ಒರೆಸುತ್ತ ಕೇಳಿದ: "ಅಜ್ಜ, ಗಾಡಿ ಇಷ್ಟ್ ಗಟ್ಟಿ ಇತ್ತಲ್ಲ, ಮತ್ತೆ ಫ್ಯಾಕ್ಟರಿ ಎಂತಕೆ ಮುಚ್ಚಿದ್ರ್?"

ಸಂಜೆ ಅವನನ್ನು ಒತ್ತಿನೆಣೆಗೆ ಕರೆದೊಯ್ದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು, ಕೆಳಗೆ ಸೋಮೇಶ್ವರ ದೇವಸ್ಥಾನ. ಭಾವ ನನ್ನನ್ನು ಹಿಂದೆ ಕೂರಿಸಿಕೊಂಡು ಈ ಏರು ಹತ್ತುತ್ತಿದ್ದರು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್; ಎರಡು ಸೈಲೆನ್ಸರಿನ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತು.

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ತಂತ್ರಜ್ಞಾನ ಜೆಕೊಸ್ಲೊವಾಕಿಯಾದ್ದು. 1973ರಿಂದ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಆಗ ವಾಹನ ಕೊಳ್ಳುವವರೇ ಸರದಿಯಲ್ಲಿ ಕಾಯಬೇಕಿದ್ದ ಕಾಲ. ಗಿರಾಕಿ ತಾನಾಗಿ ಬರುವಾಗ ಹೊಸದನ್ನು ಮಾಡುವ ತುರ್ತು ಯಾರಿಗಿರುತ್ತದೆ? 1985ರಲ್ಲಿ ಹೀರೊ ಹೋಂಡಾ ಬಂತು. ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು. ಯೆಜ್ಡಿ ಅದರ ಅರ್ಧವೂ ಓಡುತ್ತಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಟೂ-ಸ್ಟ್ರೋಕ್ ಇಂಜಿನ್ನನ್ನು ಕೊನೆವರೆಗೂ ಬಿಡಲಿಲ್ಲ. ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

"ಕೆಲಸದವರು ಸರಿ ಇರ್ಲಿಲ್ವಾ?" ಎಂದ ಹುಡುಗ.

ಅದಕ್ಕೆ ಅಮೆರಿಕದ ಕತೆ ಹೇಳಿದೆ. ಫ್ರೀಮಾಂಟ್ ಎಂಬಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ ಕೆಟ್ಟ ಹೆಸರು ಪಡೆದು 1982ರಲ್ಲಿ ಮುಚ್ಚಿತು. 1984ರಲ್ಲಿ ಜಪಾನಿನ ಟೊಯೊಟಾ ಜೊತೆಗೂಡಿ ಮತ್ತೆ ತೆರೆಯಿತು. ಕೆಲಸಗಾರರು ಬಹುಪಾಲು ಹಳಬರೇ. ಬದಲಾದದ್ದು ನಡೆಸುವ ರೀತಿ: ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಸಹಾಯ ಕರೆಯಬಹುದು, ಬೇಕಾದರೆ ಇಡೀ ಸಾಲನ್ನೇ ನಿಲ್ಲಿಸಬಹುದು. ಅಲ್ಲಿಂದ ಒಳ್ಳೆಯ ಕಾರು ಬಂತು. ಆದರೆ ಆ ಪಾಠ ಇಡೀ ಕಂಪೆನಿಗೆ ಬೇಗ ಹಬ್ಬಲಿಲ್ಲ. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು.

ಬೇರೆಯವರನ್ನು ದೂರುವುದು ಸುಲಭ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ "ನನಗೆ ಲೆಡ್ಜರೇ ಸಾಕು" ಎಂದು ಹಟ ಹಿಡಿದವನು ನಾನು. ಕಿರಿಯರೊಬ್ಬರು ತಾಳ್ಮೆಯಿಂದ ಕಲಿಸದಿದ್ದರೆ ನಾನೂ ಕೊಟ್ಟಿಗೆಯ ಮೂಲೆ ಸೇರುತ್ತಿದ್ದೆ. ಅದನ್ನೂ ಹುಡುಗನಿಗೆ ಹೇಳಿದೆ.

ಮನೆಗೆ ಬಂದವನೇ ಅವನು ಅಜ್ಜಿಗೆ ಇಡೀ ಕತೆ ಒಪ್ಪಿಸಿದ. ಅಕ್ಕ ಬೈಕಿನ ಸೀಟಿನ ಮೇಲೆ ಕೈಯಾಡಿಸಿ, "ಇರ್ಲಿ ಬಿಡ್, ಇನ್ನೊಂದ್ ಮಳೆಗಾಲ ಇಲ್ಲೇ ಇರ್ಲಿ" ಎಂದಳು.